ಕಣ್ಣು ತೆರೆಸುವ ಕೆಲಸ

ಗದಗಿನ ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ಸಂಜೆಯಾದರೆ ಗೋಬಿ ಮಂಚೂರಿಯ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಮೊನ್ನೆ ಮೊಮ್ಮಗಳ ಹಟಕ್ಕೆ ಒಂದು ಗಾಡಿಯ ಮುಂದೆ ನಿಂತಿದ್ದೆ. ಗಾಡಿಯವನು ಕಾದ ಬಾಣಲೆಗೆ ಬಾಟಲಿಯಿಂದ ವಿನೆಗರ್ ಸುರಿದ. ಆ ಹುಳಿ ಹೊಗೆ ಮೂಗಿಗೆ ಬಡಿದದ್ದೇ ತಡ, ಗಾಡಿ, ಗದ್ದಲ, ಮೊಮ್ಮಗಳು ಎಲ್ಲ ಮರೆತು ಬೆಟಗೇರಿಯ ನಮ್ಮ ಸ್ಟುಡಿಯೋದ ಡಾರ್ಕ್‌ರೂಮು ಕಣ್ಣ ಮುಂದೆ ಬಂತು. ಫಿಲ್ಮ್ ತೊಳೆಯುವಾಗ ಚಿತ್ರ ಮೂಡಿಸುವ ಡೆವಲಪರಿನ ಕೆಲಸವನ್ನು ಗಕ್ಕನೆ ನಿಲ್ಲಿಸಲು ಒಂದು ಟ್ರೇಯಲ್ಲಿ ಇಂಥದ್ದೇ ಹುಳಿ ನೀರು ಇರುತ್ತಿತ್ತು. ಎಷ್ಟೋ ವರ್ಷ ಅದರ ವಾಸನೆ ನನ್ನ ಸೀರೆಯಲ್ಲಿತ್ತು. ಮಲ್ಲಿಗೆ ಮುಡಿದ ಹೆಂಡತಿಯ ಬಗ್ಗೆ ಜನ ಹಾಡು ಕಟ್ಟುತ್ತಾರೆ, ವಿನೆಗರ್ ನಾರುವವಳ ಬಗ್ಗೆ ಯಾರೂ ಕಟ್ಟಲಿಲ್ಲ.

"ಅಜ್ಜಿ, ಅಳಾಕತ್ತೀಯೇನು?" ಎಂದಳು ಮೊಮ್ಮಗಳು.

"ಹೊಗಿ ಬಂತವ್ವಾ. ನೀ ತಿನ್ನು," ಅಂದೆ.

ಹೊಗೆ ಬಂದದ್ದು ಖರೆಯೇ. ಆದರೆ ನನಗೆ ನೆನಪಾಗಿದ್ದು ಒಂದು ಬೇಸಿಗೆ. ನಮ್ಮ ಡಾರ್ಕ್‌ರೂಮಿನ ಕೊನೆಯ ಬೇಸಿಗೆ, ಮತ್ತು ಡೋಣಿ ಎಂಬ ಹಳ್ಳಿಯ ನೀಲವ್ವನ ಮುಖ. ನೀಲವ್ವ ಬದುಕಿದ್ದಾಗ ನಾನು ಆಕೆಯನ್ನು ನೋಡಿದವಳೇ ಅಲ್ಲ.

ಗದಗ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಜಿಲ್ಲೆಯಾದ ಹೊಸದರಲ್ಲಿ ನಮಗೆ ಸುಗ್ಗಿಯೋ ಸುಗ್ಗಿ. ಹೊಸ ಜಿಲ್ಲೆ ಎಂದರೆ ಹೊಸ ಕಚೇರಿ, ಕಚೇರಿ ಎಂದರೆ ಅರ್ಜಿ, ಅರ್ಜಿ ಎಂದರೆ ಫೋಟೋ. ಧಾರವಾಡಕ್ಕೆ ಓಡುತ್ತಿದ್ದ ಮುಂಡರಗಿ, ಶಿರಹಟ್ಟಿಯ ಮಂದಿಯೆಲ್ಲ ಗದಗಿಗೇ ಬರತೊಡಗಿದರು. ನಮ್ಮ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು ಕೂದಲು ಬಾಚಿಕೊಂಡರು. ಆದರೆ ಆ ಸಂಭ್ರಮ ಬಹಳ ದಿನ ಬಾಳಲಿಲ್ಲ. ಅದೇ ಕಚೇರಿಗಳ ಎದುರಿಗೆ ಕಂಪ್ಯೂಟರ್ ಇಟ್ಟುಕೊಂಡು ಕೂತ ಹುಡುಗರು, ಅರ್ಜಿ ಬರೆಸುವಷ್ಟರೊಳಗೆ ಬಣ್ಣದ ಫೋಟೋ ಕೈಗೆ ಕೊಡಲು ಶುರುಮಾಡಿದರು. ನಾವು "ನಾಳಿ ಬರ್ರಿ" ಅನ್ನುವವರು. ನಾಳೆಯವರೆಗೆ ಕಾಯುವ ದರ್ದು ಯಾರಿಗಿದೆ?

ನನ್ನ ಯಜಮಾನರು ಇದನ್ನು ಬೇಗ ತಿಳಿದುಕೊಂಡರು, ಮಾವನವರು ತಿಳಿದುಕೊಳ್ಳಲೇ ಇಲ್ಲ. ಇವರು ಡಿಜಿಟಲ್ ಕ್ಯಾಮೆರಾ ತಂದರು. ಮಾವನವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಫಿಲ್ಮ್ ಎಲ್ಲಿ ಹಾಕತಾರಲೇ ಇದಕ್ಕ?" ಎಂದು ಕೇಳಿ, ಇಲ್ಲ ಅಂದಾಗ ಸತ್ತ ಇಲಿಯನ್ನು ಇಡುವ ಹಾಗೆ ಮೇಜಿನ ಮೇಲೆ ಇಟ್ಟುಬಿಟ್ಟರು. ಹುಬ್ಬಳ್ಳಿಯ ಅಂಗಡಿಯವನೂ ಕಪ್ಪುಬಿಳುಪಿನ ಸಾಮಾನು ತರಿಸುವುದನ್ನು ಬಿಟ್ಟಿದ್ದ. ನಮ್ಮಲ್ಲಿ ಉಳಿದಿದ್ದು ಡೆವಲಪರಿನ ಒಂದು ಪೊಟ್ಟಣ, ಮೂಡಿದ ಚಿತ್ರವನ್ನು ಅಳಿಯದಂತೆ ನಿಲ್ಲಿಸುವ ಹೈಪೋ ಸ್ವಲ್ಪ, ಕರಿ ಲಕೋಟೆಯೊಳಗೆ ಒಂದಿಷ್ಟು ಹಳೆ ಪೇಪರು, ಮಾವನವರ ಹಳೆ ಕ್ಯಾಮೆರಾದೊಳಗೆ ಒಂದು ರೋಲು.

ಆ ಬೇಸಿಗೆಯಲ್ಲಿ ಇವರು ಡಾರ್ಕ್‌ರೂಮನ್ನೇ ಕಂಪ್ಯೂಟರಿನ ಕೋಣೆ ಮಾಡುತ್ತೇನೆ ಎಂದು ಹೊರಟರು. ಗೌಂಡಿ ಬಂದು ಗೋಡೆ ಒಡೆದು ಕಿಟಕಿಗೆ ಜಾಗ ಮಾಡಿಯೇಬಿಟ್ಟ.

"ಗರ್ಭಗುಡಿಗೆ ಕಿಟಕಿ ಇಡತಾರೇನಲೇ?" ಎಂದರು ಮಾವನವರು.

"ಗಾಳಿ ಬೇಕಪ್ಪಾ, ಕಂಪ್ಯೂಟರ್ ಕಾಯ್ತತಿ."

"ನನ್ನ ತಲಿನೂ ಕಾದೈತಿ. ಅದಕ್ಕೂ ಒಂದು ತೂತು ಹೊಡಸು."

ಅಪ್ಪ ಮಗ ಹೀಗೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಮನೆಯಲ್ಲಿ ನಡುವೆ ಸಿಕ್ಕವಳು ಸೊಸೆ. ನನ್ನ ಹೆಸರು ಶಾಂತಾ, ಸ್ವಭಾವ ಹಾಗಿಲ್ಲ ಅನ್ನುತ್ತಾರೆ ಕಂಡವರು. ಇಬ್ಬರಿಗೂ ಬೈದು, ಆ ತೂತಿಗೆ ಒಂದು ಗೋಣಿಚೀಲ ಕಟ್ಟಿದ್ದೆ.

ಮಾವನವರ ಹೆಸರು ಸುತ್ತಲ ಹಳ್ಳಿಗಳಲ್ಲಿ ಓಡಿದ್ದು ಒಂದೇ ಕೆಲಸಕ್ಕೆ. ಅದನ್ನು ನಾವು ಕಣ್ಣು ತೆರೆಸುವುದು ಅನ್ನುತ್ತಿದ್ದೆವು. ಆಗಿನ ಎಷ್ಟೋ ಹಿರಿಯರು ಬದುಕಿದ್ದಾಗ ಒಂದೇ ಒಂದು ಫೋಟೋ ತೆಗೆಸಿಕೊಂಡವರಲ್ಲ. ತೀರಿಕೊಂಡ ಮೇಲೆ ಮೈತೊಳೆದು, ವಿಭೂತಿ ಹಚ್ಚಿ, ಹಾರ ಹಾಕಿ ಗೋಡೆಗೆ ಆನಿಸಿ ಕೂರಿಸಿದಾಗ ಮನೆಯವರಿಗೆ ಎಚ್ಚರವಾಗುತ್ತಿತ್ತು, ಫೋಟೋದವರನ್ನು ಕರೆಸಿರಿ ಎಂದು. ಆದರೆ ಕಣ್ಣು ಮುಚ್ಚಿದ ಫೋಟೋವನ್ನು ಮನೆಯ ಗೋಡೆಗೆ ಹಾಕುವಂತಿಲ್ಲ. ಅದು ಹೆಣದ ಫೋಟೋ ಆಗುತ್ತದೆ, ಅವ್ವ ಅಪ್ಪನ ಫೋಟೋ ಆಗುವುದಿಲ್ಲ. ಹಾಗಾಗಿ ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆಯಬೇಕು. ಸತ್ತವರ ಕಣ್ಣನ್ನು ಯಾರು ನೋಡಿರುತ್ತಾರೆ? ಮಾವನವರು ಮಗನನ್ನೋ ಮಗಳನ್ನೋ ಎದುರಿಗೆ ಕೂರಿಸಿಕೊಂಡು, ಅವರ ಕಣ್ಣು ನೋಡಿ ಇವರ ಕಣ್ಣು ಬರೆಯುತ್ತಿದ್ದರು. "ಕಣ್ಣು ಮನಿತನದ್ದು ಇರತೈತಿ, ಮೂಗು ಅವರವರದ್ದು," ಅನ್ನುತ್ತಿದ್ದರು. ಅವರ ಕೈ ನಡುಗಲು ಶುರುವಾದ ಮೇಲೆ ಕುಂಚ ನನ್ನ ಕೈಗೆ ಬಂತು. ರೊಟ್ಟಿ ಬಡಿಯುವ ಕೈಯಿಂದಲೇ ನಾನು ಸತ್ತವರ ಕಣ್ಣು ತೆರೆಸುತ್ತಿದ್ದೆ.

ಆ ದಿನ ಯಜಮಾನರು ಹೊಸ ಕ್ಯಾಮೆರಾ ಹೊತ್ತು ಲಕ್ಷ್ಮೇಶ್ವರದ ಮದುವೆಗೆ ಹೋಗಿದ್ದರು. ಬೆಳಿಗ್ಗೆ ಡೋಣಿಯಿಂದ ಒಬ್ಬ ಮೋಟಾರ್ ಸೈಕಲ್ಲಿನಲ್ಲಿ ಬಂದ. ನೀಲವ್ವ ಎನ್ನುವವರು ತೀರಿಕೊಂಡಿದ್ದಾರೆ, ಮಗ ಶೇಖಪ್ಪ ಕಳಿಸಿದ್ದಾನೆ, ಕಣ್ಣು ತೆರೆಸಿದ ಫೋಟೋ ಬೇಕು ಎಂದ. ಮಾವನವರು ನನ್ನನ್ನು ಕೇಳಲಿಲ್ಲ, ಹೇಳಲಿಲ್ಲ. ಟೋಪಿ ಹಾಕಿಕೊಂಡು, ಹಳೆ ಕ್ಯಾಮೆರಾ ಕೊರಳಿಗೆ ತೂಗಿಕೊಂಡು, ಸ್ಟ್ಯಾಂಡ್ ಬಗಲಲ್ಲಿ ಹಿಡಿದು ಅವನ ಹಿಂದೆ ಕೂತುಬಿಟ್ಟರು. ಎರೆಹೊಲಗಳೆಲ್ಲ ಬಿರಿದು ಬಾಯಿಬಿಟ್ಟಿದ್ದ ಬಿಸಿಲು. ಮಧ್ಯಾಹ್ನ ತಿರುಗಿ ಬಂದಾಗ ಮುಖ ಕೆಂಡದಂತಾಗಿತ್ತು. ಮಜ್ಜಿಗೆ ಕುಡಿದು ಮೆಲ್ಲಗೆ ಹೇಳಿದರು.

"ರೋಲಿನಾಗ ಒಂದ ಫ್ರೇಮ್ ಉಳದಿತ್ತು ನೋಡವಾ. ಹಿಂದಿನೂವು ಎಲ್ಲಾ ಪಿಂಚಣಿ ಅರ್ಜಿ ಮುದುಕರು. ಮನಿ ಮಂದೀನ ಎಲ್ಲಾ ಸರಿಸಿ, ಆಕೀ ಒಬ್ಬಾಕೀನ್ನ ತಗದೆ."

"ಒಂದ? ಕೈ ಅಳ್ಳಾಡಿದ್ರ ಏನ ಮಾಡ್ತೀರಿ ಮಾಂವಾರ?"

"ಸ್ಟ್ಯಾಂಡ್ ಮ್ಯಾಲ ಇಟ್ಟಿದ್ದೆ. ಆಕೀನೂ ಅಳ್ಳಾಡಲಿಲ್ಲ."

ಬಣ್ಣದ ಲ್ಯಾಬಿನ ಯಂತ್ರಕ್ಕೆ ಕಪ್ಪುಬಿಳುಪಿನ ಫಿಲ್ಮ್ ಹಾಕಿದರೆ ಖಾಲಿ ಪಟ್ಟಿ ಹೊರಗೆ ಬರುತ್ತದೆ. ಆದ್ದರಿಂದ ಹುಬ್ಬಳ್ಳಿಗೆ ಕಳಿಸುವ ಮಾತೇ ಇರಲಿಲ್ಲ. ಅವಸರವೂ ಇರಲಿಲ್ಲ. ನಲ್ಲಿಯ ನೀರು ಬಂದು ವಾರದ ಮೇಲಾಗಿತ್ತು. ನಮ್ಮ ಊರಲ್ಲಿ ನಲ್ಲಿಗೆ ನೀರು ಬರುವುದು ನೆಂಟರು ಬಂದ ಹಾಗೆ, ಬಂದಾಗ ಬಂತು. ಬೋರಿನ ಸವಳು ನೀರಲ್ಲಿ ತೊಳೆದರೆ ಫಿಲ್ಮಿನ ಮೇಲೆ ಬಿಳಿ ಕಲೆ ಕೂರುತ್ತದೆ. ನಲ್ಲಿಗೆ ಹೊಳೆ ನೀರು ಬರಲಿ, ಬಂದ ದಿನ ತಣ್ಣಗೆ ನಸುಕಿನಲ್ಲಿ ತೊಳೆದರಾಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಂಗಡಿಯ ಕದ ತೆರೆದರೆ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ನನ್ನ ಓರಗೆಯವಳು. ಸೀರೆಯ ತುಂಬ ಬಸ್ಸಿನ ಧೂಳು, ಕಾಲಲ್ಲಿ ರಬ್ಬರ್ ಚಪ್ಪಲಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಎದ್ದು ನಿಂತು ಕೇಳಿದಳು.

"ಯಕ್ಕಾರ, ನಿನ್ನಿ ಡೋಣ್ಯಾಗ ಫೋಟೋ ತಗದವರು ನೀವ ಏನ್ರಿ?"

"ನಮ್ಮ ಮಾಂವಾರು. ನೀವ್ಯಾರು?"

"ನೀಲವ್ವನ ಮಗಳ್ರಿ, ಗಂಗವ್ವ. ನಮ್ಮವ್ವನ ಮಾರಿ ತೋರಸ್ರಿ. ನಾ ನೋಡಲಿಲ್ಲ."

ಒಳಗೆ ಕರೆದು ನೀರು ಕೊಟ್ಟೆ. ಆಕೆ ಹೇಳಿದ್ದು ಇಷ್ಟು. ತವರಿನವರು ಮದುವೆ ಮಾಡಿ ಕೊಟ್ಟ ಗಂಡನ ಮನೆಯನ್ನು ಬಿಟ್ಟು, ಆಕೆ ಒಬ್ಬ ಗೌಂಡಿಯ ಜತೆ ಗೋವಾಕ್ಕೆ ಹೋದವಳು. ಆ ದಿನ ಅವ್ವ ಒಲೆಯ ಮುಂದೆ ಕೂತು ಆಣೆ ಮಾಡಿದ್ದಳು, ಇನ್ನು ನಿನ್ನ ಮಾರಿ ನೋಡುವುದಿಲ್ಲ ಎಂದು. ಮಾತಿಗೆ ತಪ್ಪಲಿಲ್ಲ. ಒಮ್ಮೆ ಮಗುವನ್ನು ಎತ್ತಿಕೊಂಡು ಬಂದಾಗಲೂ ಗೋಡೆಯ ಕಡೆ ಮುಖ ತಿರುಗಿಸಿ ಕೂತಳಂತೆ, ಮಗು ಅತ್ತರೂ ತಿರುಗಲಿಲ್ಲವಂತೆ. ಈಗ ಸತ್ತ ಸುದ್ದಿಯನ್ನೂ ಅಣ್ಣ ಹೇಳಿ ಕಳಿಸಲಿಲ್ಲ. ಪಕ್ಕದ ಮನೆಯವರು ಫೋನ್ ಮಾಡಿದ ಮೇಲೆ ಸಿಕ್ಕ ಬಸ್ಸು ಹತ್ತಿ, ಊರು ಸೇರುವುದರೊಳಗೆ ಮಣ್ಣಾಗಿತ್ತು.

"ಒಂದು ತಾಸು ಕಾಯ್ರಿ ಅಂತ ಮಂದಿ ಹೇಳಿದ್ರಂತ. ನಮ್ಮಣ್ಣ ಕೇಳಲಿಲ್ಲ. ಬಂದ್ರ ಬಾಗಲದಾಗ ನಿಂತು, 'ನೋಡೂದು ಏನು ಉಳದಿಲ್ಲ, ಹೋಗು' ಅಂದ. ಮಣ್ಣ ನೋಡಿ ಬಂದೆ, ಯಕ್ಕಾರ. ಮಣ್ಣಿಗೆ ಮಾರಿ ಇರತೈತೇನು?"

ನನ್ನ ಅವ್ವ ಸತ್ತಾಗ ನಾನು ಆಕೆಯ ಗಲ್ಲ ಹಿಡಿದು ಅತ್ತಿದ್ದೆ. ಅಷ್ಟು ಭಾಗ್ಯವೂ ಇವಳಿಗಿರಲಿಲ್ಲ.

ಮಾವನವರು ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ಒಳಗೆ ಕರೆದು ಹೇಳಿದರು. "ಶಾಂತಾ, ಫೋಟೋ ಹೇಳಿದಾತ ಶೇಖಪ್ಪ. ಹೇಳಿದವರ ಕೈಗೆ ಕೊಡೂದು ನಮ್ಮ ರೀತಿ. ಮುಂಜಾನೆ ಆತ ಫೋನ್ ಮಾಡಿದ್ದ. 'ನಮ್ಮ ತಂಗಿ ಬರತಾಳ, ಆಕಿ ಕೈಯಾಗ ಕೊಡಬ್ಯಾಡ್ರಿ, ನಾನ ಬರಾಕತ್ತೀನಿ' ಅಂದಾನ."

"ಕೊಡೂದು ಬಿಡ್ರಿ. ತೋರಸಾಕ ಏನು ಧಾಡಿ?"

ಅವರು ಬಾಗಿ ಬೀದಿಯ ಕಡೆ ನೋಡಿದರು. "ಆತ ಬರೂದರಾಗ ಆದ್ರ ತೋರಸು," ಅಂದರು.

ಶೇಖಪ್ಪ ಬರುವುದರೊಳಗೆ. ಅಂದರೆ ಕಿಟಕಿಗೆಂದು ಗೋಡೆ ಒಡೆದ ಕೋಣೆಯಲ್ಲಿ, ಹಾಡುಹಗಲು, ಬೆಂಕಿಯಂಥ ಬಿಸಿಲಲ್ಲಿ, ನೀರಿಲ್ಲದ ಮನೆಯಲ್ಲಿ, ಇದ್ದೊಂದು ಫ್ರೇಮನ್ನು ತೊಳೆಯಬೇಕು. ಅಷ್ಟು ಸಾಲದೆಂಬಂತೆ ಮಧ್ಯಾಹ್ನದ ಹೊತ್ತಿಗೆ ಕರೆಂಟು ತೆಗೆಯುವ ದಿನಗಳವು. ಕರೆಂಟು ಹೋದರೆ ಪ್ರಿಂಟ್ ಮಾಡುವ ದೀಪವಿಲ್ಲ. ಆ ಹೊತ್ತಿಗೆ ನನಗೆ ಯಜಮಾನರ ಮೇಲೆ, ಗೌಂಡಿಯ ಮೇಲೆ, ಸೂರ್ಯನ ಮೇಲೆ ಬಂದ ಸಿಟ್ಟು ಹೇಳತೀರದು.

ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊತ್ತು ತಂದೆ. ಗಂಗವ್ವ ಕೇಳದೆಯೇ ಒಂದು ತುದಿ ಹಿಡಿದಳು. ಇಬ್ಬರೂ ಸೇರಿ ಕಿಟಕಿಗೆ ಕೌದಿಯ ಮೇಲೆ ಕೌದಿ ಮೊಳೆ ಹೊಡೆದೆವು. ಒಳಗೆ ಕೂತು ಕದ ಹಾಕಿ ನೋಡಿದರೆ, ಸಂದಿಯಲ್ಲಿ ಸೂಜಿಯಷ್ಟು ಬೆಳಕು. ಅಲ್ಲಿಗೆ ಹಳೆ ಸೀರೆ ತುರುಕಿದೆ. ಮತ್ತೆ ನೋಡಿದರೆ ಇನ್ನೊಂದು ಕಡೆ. ಅಲ್ಲಿಗೆ ನನ್ನ ಸೆರಗಿನ ತುದಿಯನ್ನೇ ಹರಿದು ತುರುಕಿದೆ.

ನೀರೆಂದರೆ ಕುಡಿಯುವ ಮಣ್ಣಿನ ಹರವಿಯಲ್ಲಿ ಇದ್ದಷ್ಟೇ. ಹರವಿಯನ್ನೇ ಡಾರ್ಕ್‌ರೂಮಿನೊಳಗೆ ತಂದಿಟ್ಟುಕೊಂಡೆ. ಎದುರಿನ ಐಸ್ ಕ್ಯಾಂಡಿಯ ಖಾದರಸಾಬರಿಗೆ ಹೇಳಿ ಕಳಿಸಿದ್ದೆ, ಅವರು ಹೊಟ್ಟಿನಲ್ಲಿ ಸುತ್ತಿದ ಐಸಿನ ಗಡ್ಡೆಯನ್ನು ತಾವೇ ಹೊತ್ತು ತಂದರು.

"ಜಲ್ದಿ ಮಾಡ್ರಿ ತಂಗಿ, ಇವತ್ತಿನ ಬಿಸಲಿಗೆ ಇದು ತಡ್ಯಾಂಗಿಲ್ಲ," ಎಂದು ಹೇಳಿ, ಮೆಟ್ಟಿಲ ಮೇಲೆ ಕೂತ ಗಂಗವ್ವನ ಕಡೆ ಒಮ್ಮೆ ನೋಡಿ, ಏನೂ ಕೇಳದೆ ಹೋದರು.

ಕದ ಹಾಕಿ, ಚಿಲಕ ಹಾಕಿ, ಕತ್ತಲಲ್ಲಿ ಫಿಲ್ಮ್ ಬಿಚ್ಚಿದೆ. ಎರಡೂ ತುದಿ ಎರಡು ಕೈಯಲ್ಲಿ ಹಿಡಿದು ಡೆವಲಪರಿನ ಟ್ರೇಯಲ್ಲಿ ಜೋಲಿ ತೂಗಿದಂತೆ ಮೇಲೆ ಕೆಳಗೆ ಆಡಿಸಬೇಕು. ಟ್ರೇಯ ಕೆಳಗೆ ಐಸು ಕರಗುತ್ತಿತ್ತು. ಆ ಬೇಸಿಗೆಯಲ್ಲಿ ಕೌದಿ ಹೊದ್ದ ಕೋಣೆಯೆಂದರೆ ಒಲೆಯೊಳಗೆ ಕೂತ ಹಾಗೆ. ಹಣೆಯ ಬೆವರು ಟ್ರೇಗೆ ಬೀಳಬಾರದೆಂದು ಕುತ್ತಿಗೆ ಹಿಂದಕ್ಕೆ ಹಾಕಿ ಆಡಿಸುತ್ತಿದ್ದೆ. ಮನಸ್ಸಿನಲ್ಲೇ ಎಣಿಸುತ್ತಿದ್ದವಳಿಗೆ ಎಣಿಕೆ ತಪ್ಪಿ, ಮತ್ತೆ ಅಂದಾಜಿನ ಮೇಲೆ ಹೊರಟೆ.

ಆಗ ಬೆರಳಿಗೆ ತಿಳಿಯಿತು. ಫಿಲ್ಮಿನ ಅಂಚು ಜಾರುತ್ತಿತ್ತು, ಬೆಂಡೆಕಾಯಿ ಹಿಡಿದ ಹಾಗೆ. ಫಿಲ್ಮಿನ ಮೇಲಿನ ಲೇಪ ಸೆಕೆಗೆ ಮೆತ್ತಗಾಗಿ ಬಿಡಲು ಶುರುವಾಗಿದೆ ಎಂದು ಅದರ ಅರ್ಥ. ಇನ್ನು ಸ್ವಲ್ಪ ಬಿಟ್ಟರೆ ನೀಲವ್ವನ ಮುಖ ಕೆನೆಯಂತೆ ಕಿತ್ತು ನೀರಲ್ಲಿ ತೇಲುತ್ತದೆ. ಕದ ತೆರೆಯುವ ಹಾಗಿಲ್ಲ, ದೀಪ ಹಾಕುವ ಹಾಗಿಲ್ಲ.

"ಮಾಂವಾರ, ಬಿಡಾಕತ್ತೈತಿ," ಎಂದು ಒಳಗಿಂದಲೇ ಕೂಗಿದೆ.

ಕದದ ಹತ್ತಿರ ಅವರ ಧ್ವನಿ ಬಂತು. "ಪಟಕ ಐತೇನ ಒಳಗ?"

ಹೊಳೆಯ ರಾಡಿ ನೀರು ತಿಳಿಯಾಗಲೆಂದು ನಮ್ಮ ಊರಿನ ಪ್ರತಿ ಮನೆಯ ಹರವಿಯ ಬಾಯಿಗೂ ಪಟಕದ ಹರಳನ್ನು ದಾರದಲ್ಲಿ ಕಟ್ಟಿಟ್ಟಿರುತ್ತೇವೆ. ಫಿಲ್ಮನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಕತ್ತಲಲ್ಲಿ ಹರವಿಯ ಕಂಠ ತಡಕಿದೆ. ದಾರ ಸಿಕ್ಕಿತು. ಹರಳನ್ನು ಹುಳಿ ನೀರಿನ ಟ್ರೇಯಲ್ಲಿ ತಿಕ್ಕಿದೆ, ತಿಕ್ಕಿದೆ, ಅಂಗೈ ಉರಿಯುವವರೆಗೆ ತಿಕ್ಕಿ ಫಿಲ್ಮನ್ನು ಅದರಲ್ಲಿ ಇಳಿಸಿದೆ. ಪಟಕ ಲೇಪವನ್ನು ಬಿಗಿ ಮಾಡುತ್ತದೆ. ಮೆಲ್ಲಗೆ ಜಾರುವುದು ನಿಂತಿತು.

ಹೈಪೋದಲ್ಲಿ ಹಾಕಿ, ದೀಪ ಹಾಕಿ ನೋಡಿದೆ. ಅಂಚೆಲ್ಲ ಸುಕ್ಕು, ಪಿಂಚಣಿಯ ಮುದುಕರಲ್ಲಿ ಇಬ್ಬರು ಮೂವರು ಅಳಿಸಿಯೇ ಹೋಗಿದ್ದರು. ಕೊನೆಯ ಫ್ರೇಮು ಮಾತ್ರ ನಿಂತಿತ್ತು. ಕಪ್ಪು ಮುಖ, ಬಿಳಿ ಕೂದಲಾಗಬೇಕಾದಲ್ಲಿ ಕರಿ ಕೂದಲು, ಕೊರಳಲ್ಲಿ ಕರಿ ಹೂವಿನ ಹಾರ. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಉಳಿದ ಚೂರು ನೀರಲ್ಲಿ ತೊಳೆದು ಒಣಗಲು ತೂಗಹಾಕಬೇಕು, ಅಷ್ಟರಲ್ಲಿ ಹೊರಗೆ ಗಂಡಸಿನ ಏರುದನಿ ಕೇಳಿಸಿತು.

"ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು ಅಂತ ನನಗ ಗೊತ್ತಿತ್ತು. ಏಳು, ಎದ್ದು ನಡಿ ಇಲ್ಲಿಂದ."

ಗಂಗವ್ವ ಏನೋ ಅಂದಳು, ಕೇಳಿಸಲಿಲ್ಲ. ಮಾವನವರು, "ತಮ್ಮಾ, ಇದು ನನ್ನ ಅಂಗಡಿ. ಕುಂಡ್ರು ಮೊದಲ," ಅಂದರು.

"ಅಜ್ಜಾರ, ನೀವು ನಡಕ ಬರಬ್ಯಾಡ್ರಿ. ಫೋಟೋ ನಂದು. ರೀಲ ಕೊಡ್ರಿ, ನಾ ಬ್ಯಾರೆ ಕಡಿ ಮಾಡಿಸ್ಕೋತೀನಿ."

ಒಣಗುವವರೆಗೆ ಕಾದರೆ ಅವನು ಒಳಗೆ ನುಗ್ಗುತ್ತಾನೆ, ಇಲ್ಲವೇ ಕರೆಂಟು ಹೋಗುತ್ತದೆ, ಎರಡರಲ್ಲಿ ಒಂದು ಖಂಡಿತ. ಹಸಿ ನೆಗೆಟಿವನ್ನು ಪ್ರಿಂಟಿಗೆ ಹಾಕುವುದು ಅಪಾಯ, ದೀಪದ ಕಾವಿಗೆ ಕರಗಬಹುದು. ಮದುವೆ ಮನೆಯ ಅವಸರಕ್ಕೆ ಚಳಿಗಾಲದಲ್ಲಿ ಒಂದೆರಡು ಸಲ ಹಾಗೆ ಮಾಡಿದ್ದೆ, ಬೇಸಿಗೆಯಲ್ಲಿ ಮಾಡಿರಲಿಲ್ಲ. ಆದದ್ದಾಗಲಿ ಎಂದು ಹಾಕಿಯೇಬಿಟ್ಟೆ. ಕೆಂಪು ದೀಪವೊಂದನ್ನೇ ಇಟ್ಟುಕೊಂಡು ಪೇಪರಿನ ಲಕೋಟೆ ತೆರೆದರೆ ಹಾಳೆಗಳೆಲ್ಲ ವರ್ಷಗಟ್ಟಲೆ ಇಟ್ಟು ಮುಗ್ಗಿ ಅಂಟಿಕೊಂಡಿದ್ದವು. ನಡುವಿನದೊಂದು ಮಾತ್ರ ಚೆನ್ನಾಗಿತ್ತು. ಪ್ರಿಂಟಿನ ದೀಪ ಹಾಕಿದೆ. ಬೆಳಕು ಕೆಳಗೆ ಬಿತ್ತು, ಸಾಕು ಅನಿಸಿದಾಗ ಆರಿಸಿದೆ. ಫಿಲ್ಮ್ ಹೊರಗೆ ತೆಗೆದರೆ ಮುಖವಿದ್ದ ಜಾಗ ಬೆಲ್ಲದ ಪಾಕ ಇಳಿದ ಹಾಗೆ ಒಂದು ಬದಿಗೆ ಹರಿದುಹೋಗಿತ್ತು. ಈಗ ಲೋಕದಲ್ಲಿ ನೀಲವ್ವನ ಮುಖ ಎನ್ನುವುದು ಉಳಿದಿದ್ದು ನನ್ನ ಕೈಯಲ್ಲಿದ್ದ, ಇನ್ನೂ ಏನೂ ಮೂಡಿರದ ಆ ಬಿಳಿ ಹಾಳೆಯ ಮೇಲೆ ಮಾತ್ರ.

ಕೆಂಪು ದೀಪದಡಿ ಹಾಳೆಯನ್ನು ಡೆವಲಪರಿನಲ್ಲಿ ಮುಳುಗಿಸಿದೆ. ಬಹಳ ಹೊತ್ತು ಏನೂ ಬರಲಿಲ್ಲ. ಹಳೆ ಪೇಪರು, ಸೋತ ಡೆವಲಪರು. ಬೆರಳಿನಿಂದ ಹಾಳೆಯನ್ನು ಉಜ್ಜುತ್ತ, "ಬಾರವ್ವಾ, ಮಗಳು ಕುಂತಾಳ, ಬಾ," ಎಂದು ಆ ಗೊತ್ತಿಲ್ಲದ ಹೆಂಗಸನ್ನು ಬೇಡಿಕೊಂಡೆ. ಮೊದಲು ಸೀರೆಯ ಅಂಚು ಕಂಡಿತು, ಆಮೇಲೆ ಮೂಗಿನ ನೆರಳು, ಬಿಗಿದ ತುಟಿ. ಹಟದ ತುಟಿಯೇ ಅದು, ಸುಳ್ಳು ಹೇಳುವುದಿಲ್ಲ. ಕೊನೆಗೆ ಮುಚ್ಚಿದ ರೆಪ್ಪೆಗಳು. ಹೈಪೋಗೆ ಹಾಕಿ, ಹರವಿಯ ತಳದ ನೀರಲ್ಲಿ ಅದ್ದಿ, ಕದ ತೆರೆಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು.

ಹೊರಗೆ ಬಂದು ಗಾಜಿನ ಮೇಲೆ ಹಸಿ ಫೋಟೋ ಇಟ್ಟೆ. ಶೇಖಪ್ಪ ತಲೆ ಬೋಳಿಸಿಕೊಂಡು ಟವೆಲ್ ಹೊದ್ದಿದ್ದ. ಎತ್ತರದ ಆಳು. ಫೋಟೋ ನೋಡಿದವನೇ ಒಂದು ಹೆಜ್ಜೆ ಹಿಂದೆ ಸರಿದ. ಗಂಗವ್ವ ಎದ್ದು ಬರಲಿಲ್ಲ, ಇದ್ದಲ್ಲಿಯೇ ಕುತ್ತಿಗೆ ಚಾಚಿ ನೋಡುತ್ತಿದ್ದಳು. ಕರೆದರೆ ಬರಬೇಕು, ಕರೆಯದೆ ಬಂದರೆ ತಪ್ಪಾಗುತ್ತದೆ ಎನ್ನುವ ಹಾಗೆ.

"ಬಾರವಾ," ಅಂದೆ. ಶೇಖಪ್ಪನ ಮುಖ ನೋಡದೆಯೇ ಅಂದೆ.

ಆಕೆ ಬಂದು ಗಾಜಿನ ಮುಂದೆ ನಿಂತಳು. ಅಳಲಿಲ್ಲ. ಬೆರಳು ಮುಂದೆ ತಂದು, ಮುಟ್ಟದೆ ಹಿಂದೆ ತೆಗೆದುಕೊಂಡಳು.

"ಮುದುಕಿ ಆಗ್ಯಾಳ," ಅಂದಳು. "ಇಷ್ಟು ಮುದುಕಿ ಆಗ್ಯಾಳಂತ ಯಾರೂ ಹೇಳಲಿಲ್ಲ ನನಗ."

ನಾನು ಶೇಖಪ್ಪನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಇದೊಂದೇ ಪ್ರಿಂಟು. ಫಿಲ್ಮ್ ಕರಗಿತು, ಇನ್ನೊಂದು ಆಗುವುದಿಲ್ಲ. ಅವನು ನಂಬಲಿಲ್ಲ. ಕರಗಿದ ಫಿಲ್ಮನ್ನು ತಂದು ಬೆಳಕಿಗೆ ಹಿಡಿದು ತೋರಿಸಿದೆ. ಹಲ್ಲು ಕಡಿದು, "ಆಕಿ ಬರಲಾರದ್ದಿದ್ರ ಅವಸರ ಇರಲಿಲ್ಲ, ಕರಗತಿರಲಿಲ್ಲ," ಅಂದ. ಅದು ಖರೆಯೇ ಇತ್ತು.

"ಆತು. ಕಣ್ಣು ತೆರಸಿ ನನ್ನ ಕೈಯಾಗ ಕೊಡ್ರಿ. ಕಾರ್ಯದ ದಿನ ಮನ್ಯಾಗ ಇಡಬೇಕು."

ಮಾವನವರು ನನ್ನ ಕಡೆ ನೋಡಿ ಕಣ್ಣು ಕೆಳಗೆ ಹಾಕಿದರು. ರೀತಿ ರೀತಿಯೇ. ಫೋಟೋವನ್ನು ಬೀಸಣಿಗೆಯ ಗಾಳಿಗೆ ಆರಿಸಿದೆ. ಕುಂಚ, ಕರಿ ಬಣ್ಣ ತಂದು ಬಾಗಿಲ ಬೆಳಕಿಗೆ ಕೂತೆ. ಒಂದು ಕೂದಲೆಳೆ ತಪ್ಪಿದರೂ ಇನ್ನೊಂದು ಮುಖವಿಲ್ಲ.

"ಶೇಖಪ್ಪಾ, ಎದುರಿಗೆ ಕುಂಡ್ರ ಬಾ. ನಿನ್ನ ಕಣ್ಣು ನೋಡಿ ಬರೀಬೇಕು," ಅಂದೆ.

ಅವನು ಅಲ್ಲಾಡಲಿಲ್ಲ. ನೆಲ ನೋಡುತ್ತ ಹೇಳಿದ. "ನನ್ನೂವು ನಮ್ಮಪ್ಪನ ಕಣ್ಣು. ಅವ್ವನ ಕಣ್ಣು ಆಕೀವು. ಆಕೀನ್ನ ಕುಂದ್ರಿಸಿ ಬರೀರಿ."

ಗಂಗವ್ವ ನನ್ನ ಎದುರಿಗೆ ಬಂದು ಕೂತಳು. ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದೆ. ಅತ್ತು ಬಾತ ಕಣ್ಣು, ಆದರೂ ದೊಡ್ಡವು, ಹೊರ ತುದಿ ಸ್ವಲ್ಪ ಇಳಿದಂಥವು. ಅವನ್ನು ಮನಸ್ಸಿಗೆ ತೆಗೆದುಕೊಂಡು ಕುಂಚ ಅದ್ದಿದೆ. ತುದಿಯನ್ನು ಉಗುರಿನ ಮೇಲೆ ಚೂಪು ಮಾಡಿಕೊಂಡು ಬಗ್ಗಿದೆ.

"ಬ್ಯಾಡ್ರಿ ಯಕ್ಕಾರ," ಅಂದಳು.

ಕುಂಚ ಫೋಟೋದ ಮೇಲೆಯೇ ನಿಂತಿತು.

"ಯಾಕ?" ಎಂದ ಶೇಖಪ್ಪ. "ಕಣ್ಣು ಮುಚ್ಚಿದ್ದನ್ನ ಗ್ವಾಡಿಗೆ ಹಾಕಾಕ ಬರೂದಿಲ್ಲ."

"ನಾ ಗ್ವಾಡಿಗೆ ಹಾಕಾಕ ಕೇಳವಲ್ಲೆ." ಆಕೆ ಅಣ್ಣನಿಗೆ ಹೇಳುತ್ತಿದ್ದರೂ ನೋಡುತ್ತಿದ್ದುದು ಫೋಟೋವನ್ನು. "ನನ್ನ ಮಾರಿ ನೋಡಂಗಿಲ್ಲ ಅಂತ ಆಣಿ ಮಾಡಿದ್ಲು. ಸಾಯೂ ತನಾ ನಡಿಸಿದ್ಲು. ಈಗ ನನ್ನ ಕಣ್ಣ ತಗದು ಆಕಿಗಿಟ್ಟು, ಒತ್ತಾಯಲೆ ನನ್ನ ನೋಡಸಿದ್ರ ಆಕಿ ಮಾತು ಏನ ಉಳೀತು? ಮುಚ್ಚಿರ್ಲಿ ಬಿಡು ಅಣ್ಣ. ಆಕಿ ನೋಡೂದು ಬ್ಯಾಡ. ನಾ ನೋಡ್ತೀನಿ."

ಕುಂಚದ ಹನಿ ಬಿದ್ದೀತೆಂದು ಕೈ ಆಚೆ ತೆಗೆದೆ. ಏನು ಮಾಡಬೇಕು ಎಂದು ಮಾವನವರನ್ನು ನೋಡಿದೆ. ಅವರು ಶೇಖಪ್ಪನನ್ನು ನೋಡುತ್ತಿದ್ದರು. ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು, ಕಣ್ಣು ತೆರೆಸಿದರೆ ಫೋಟೋ ಡೋಣಿಯ ಗೋಡೆಗೆ, ಮುಚ್ಚಿಯೇ ಇದ್ದರೆ ಅವನ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಕಣ್ಣು ಬೇಡ ಅನ್ನುವುದೆಂದರೆ ಅವನು ಫೋಟೋವನ್ನು ತಂಗಿಗೆ ಬಿಟ್ಟುಕೊಡುವುದು. ಅವನು ಟವೆಲಿನಿಂದ ಮುಖ ಒರೆಸಿಕೊಂಡ, ಬೋಳು ತಲೆ ಒರೆಸಿಕೊಂಡ. ಬೀದಿಯಲ್ಲಿ ಖಾದರಸಾಬರು ಐಸು ಒಡೆಯುವ ಸದ್ದು ಕೇಳುತ್ತಿತ್ತು.

"ಮುಚ್ಚೇ ಇರ್ಲಿ ಬಿಡ್ರಿ," ಅಂದ ನನಗೆ.

ನಾನು ಎರಡನೆಯ ಸಲ ಕೇಳಲಿಲ್ಲ. ಫೋಟೋವನ್ನು ಎರಡು ರಟ್ಟುಗಳ ನಡುವೆ ಇಟ್ಟು ದಾರ ಕಟ್ಟಿದೆ. ಯಾರ ಕೈಗೆ ಕೊಡಬೇಕೆಂದು ಒಂದು ಕ್ಷಣ ನಿಂತೆ. ರೀತಿಯಂತೆ ಶೇಖಪ್ಪನ ಕೈಗೇ ಕೊಟ್ಟೆ. ಅವನು ಅದನ್ನು ತಂಗಿಯ ಪ್ಲಾಸ್ಟಿಕ್ ಚೀಲದೊಳಗೆ ತಾನೇ ಇಟ್ಟ, ಮಡಚದಂತೆ ನೆಟ್ಟಗೆ ನಿಲ್ಲಿಸಿ ಇಟ್ಟ.

ಯಜಮಾನರು ಲಕ್ಷ್ಮೇಶ್ವರದಿಂದ ಬಂದ ಮೇಲೆ ಆ ಕಿಟಕಿಗೆ ಚೌಕಟ್ಟು ಕೂತಿತು, ಕಂಪ್ಯೂಟರ್ ಬಂತು. ಕೌದಿ ಬಿಚ್ಚಿ ಬಿಸಿಲಿಗೆ ಹಾಕಿದೆ. ಮಾವನವರು ಮತ್ತೆ ಜಗಳ ಆಡಲಿಲ್ಲ. ಟ್ರೇಗಳನ್ನು ತಾವೇ ತೊಳೆದು ಅಟ್ಟಕ್ಕೆ ಹಾಕಿದರು. ಆಮೇಲೆ ಬಂದವರಿಗೆ ಕಂಪ್ಯೂಟರಿನಲ್ಲಿಯೇ ಕಣ್ಣು ತೆರೆಸಿ ಕೊಟ್ಟೆವು. ಈಗ ನನ್ನ ಮಗ ಮೌಸ್ ಹಿಡಿದು ಬೇರೆ ಯಾರದೋ ಕಣ್ಣು ತಂದು ಅಂಟಿಸುತ್ತಾನೆ, ಬೇಡವಾದರೆ ತೆಗೆಯುತ್ತಾನೆ, ಮತ್ತೆ ಅಂಟಿಸುತ್ತಾನೆ. ಎಷ್ಟು ಪ್ರಿಂಟು ಬೇಕಾದರೂ ಬರುತ್ತವೆ. ಒಳ್ಳೆಯದೇ ಆಯಿತು, ಯಾರಿಗೂ ಕೈ ನಡುಗುವುದಿಲ್ಲ. ಆದರೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಆಕೆಯ ಕಣ್ಣಲ್ಲಿ ಅವ್ವನನ್ನು ಹುಡುಕುವ ಕೆಲಸ ನನಗೆ ಮತ್ತೆ ಬರಲಿಲ್ಲ, ಅದರ ಸಂಕಟ ನನಗಿದೆ.

ಆ ಮಧ್ಯಾಹ್ನ ಅಣ್ಣ ತಂಗಿ ಹೊರಡುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ಮುಂದೆ, ಆಕೆ ನಾಲ್ಕು ಹೆಜ್ಜೆ ಹಿಂದೆ. ಬಿಸಿಲಿಗೆ ಬೀದಿ ಖಾಲಿಯಿತ್ತು. ಖಾದರಸಾಬರ ಅಂಗಡಿ ದಾಟಿದ ಮೇಲೆ ಅವನು ನಿಂತ. ತಿರುಗಿ ನೋಡಲಿಲ್ಲ, ನಿಂತ ಅಷ್ಟೇ. ಆಕೆ ಪಕ್ಕಕ್ಕೆ ಬರುವವರೆಗೆ ಕಾದ.

"ಉಂಡೀಯೇನು?" ಎಂದು ಅವನು ಕೇಳಿದ್ದು ಬಾಗಿಲಲ್ಲಿದ್ದ ನನಗೂ ಕೇಳಿಸಿತು.

"ಇಲ್ಲಣ್ಣ," ಅಂದಳು ಆಕೆ.